ಕ್ಷಮಿಸಿದರೂ ಹೋಗದ ಪಾಪ

ಉಡುಪಿ ಜಿಲ್ಲೆಯ ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವವರ ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಮೊಗ್ಗು ಬಿರಿಯುವ ಮುಂಚೆ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೂ ಮಾರುವ ಕಟ್ಟೆಗೆ ಮುಟ್ಟಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಈವತ್ತು ಅಟ್ಟೆಗೆ ಎಷ್ಟು ಎಂಬುದು ಊರಿಗೆಲ್ಲ ಬೇಕಾದ ಸುದ್ದಿ. ಅಲ್ಲಿನ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಮಕ್ಕಳ ಶಾಲೆ ಫೀಸು, ಮಗಳ ಮದುವೆ, ಹಂಚು ತೆಗೆದು ಹಾಕಿದ ತಾರಸಿ ಎಲ್ಲವೂ ಈ ಮೊಗ್ಗಿನಿಂದಲೇ ಆದದ್ದು.

ಆ ಕಡೆ ನನಗೊಬ್ಬರು ಬಾಯಮ್ಮ ಗೊತ್ತು. ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಹಾಗೆಯೇ ಕರೆಯುವುದು, ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ಅವರ ಮನೆಗೆ ಹೋದಾಗ ಅಂಗಳದ ಮಲ್ಲಿಗೆ ಗಿಡಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದವು. ಪೇಟೆಯವನಾದ ನನ್ನ ಜತೆಗಾರ ಎಷ್ಟು ಚಂದ ಎಂದು ಫೋಟೊ ತೆಗೆದ. ನನಗೆ ಹೊಟ್ಟೆಯೊಳಗೆ ಏನೋ ಕಸಿವಿಸಿ. ಮಲ್ಲಿಗೆ ಕೃಷಿಯವರ ಗಿಡದಲ್ಲಿ ಹೂ ಅರಳಿದೆ ಎಂದರೆ ಆ ದಿನ ಕೊಯ್ಯುವವರು ಏಳಲಿಲ್ಲ ಎಂದರ್ಥ. ಕೆಳಗೆ ನಿನ್ನೆಯದು, ಮೊನ್ನೆಯದು ಕಂದಾಗಿ ಉದುರಿ ಬಿದ್ದಿತ್ತು.

ಬಾಯಮ್ಮ ಎದ್ದಿರಲಿಲ್ಲ ಎನ್ನುವುದೂ ಸರಿಯಲ್ಲ. ಅವರಿಗೆ ಮೂರು ಗಂಟೆಗೇ ಎಚ್ಚರವಾಗುತ್ತಿತ್ತು. ಎಚ್ಚರವಾಗಿ, ಅಡುಗೆಮನೆಯ ಮಣೆಯ ಮೇಲೆ ಕೂತು, ಬೆಳಗಾಗುವವರೆಗೂ ಹದಿನಾಲ್ಕು ವರ್ಷದ ಹಿಂದಿನ ಒಂದು ರಾತ್ರಿಯನ್ನು ನೆನೆಯುತ್ತಿದ್ದರು. ಹಾಸಿಗೆ ಹಿಡಿದಿದ್ದ ಅತ್ತೆ ನೀರು ಕೇಳಿದ್ದರು. ಇವರು ಒಲೆ ಮೇಲಿಟ್ಟದ್ದನ್ನು ಇಳಿಸಿ ಹೋಗುವಷ್ಟರಲ್ಲಿ ಅವರ ಉಸಿರು ನಿಂತಿತ್ತು. ಅಷ್ಟೇ. ‘ನನ್ನದೇ ತಪ್ಪು ಮಗಾ. ದೊಡ್ಡ ಪಾಪ ಅದು’ ಎಂದು ಗೋಡೆ ನೋಡುತ್ತ ಹೇಳಿದರು. ಅವರು ಪ್ರತಿ ಶನಿವಾರ ಇಗರ್ಜಿಗೆ ಹೋಗಿ ಈ ಪಾಪವನ್ನು ನಿವೇದಿಸಿಕೊಳ್ಳುತ್ತಿದ್ದರು. ಗುರುಗಳು ಕ್ಷಮೆ ನೀಡುತ್ತಿದ್ದರು. ಮುಂದಿನ ಶನಿವಾರ ಮತ್ತೆ ಅದೇ ಪಾಪ, ಅದೇ ಕ್ಷಮೆ.

ಖಿನ್ನತೆಯ ಕುರಿತು ಕ್ರೈಸ್ತ ಧರ್ಮ ಏನು ಮಾಡಬಲ್ಲದು, ಎಲ್ಲಿ ಎಡವುತ್ತದೆ ಎಂಬುದೆಲ್ಲ ಈ ಒಂದು ದೃಶ್ಯದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರಾರ್ಥನೆಯೋ ಮಾತ್ರೆಯೋ ಎಂದು ನಾವು ಟೀವಿ ಚರ್ಚೆಯ ಧಾಟಿಯಲ್ಲಿ ಕೇಳುತ್ತೇವೆ. ಅಸಲಿ ಪ್ರಶ್ನೆ ಅದಲ್ಲ. ರೋಗಿ ತನ್ನ ಮೇಲೆ ಹೊರಿಸಿಕೊಂಡು ಬರುವ ಅಪರಾಧವನ್ನು ಎದುರು ಕೂತವನು ಏನು ಮಾಡುತ್ತಾನೆ ಎಂಬುದು.

ಮನೋವೈದ್ಯರು ಖಿನ್ನತೆಯನ್ನು ಗುರುತಿಸಲು ಬಳಸುವ ಲಕ್ಷಣಗಳ ಪಟ್ಟಿಯಲ್ಲಿ ಇದೂ ಒಂದು: ಕಾರಣವಿಲ್ಲದ ಅಥವಾ ಕಾರಣಕ್ಕೆ ಮೀರಿದ ತಪ್ಪಿತಸ್ಥ ಭಾವ. ಎರಡು ವಾರ ಬಿಡದೆ ಕವಿದ ಬೇಸರ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ನಿದ್ದೆ ಕೆಡುವುದು, ಊಟ ಸೇರದಿರುವುದು, ಮೈ ಭಾರ, ಸಾವಿನ ಯೋಚನೆ, ಇವುಗಳ ಜತೆಗೆ ಅದೂ ಬರುತ್ತದೆ. ಅಂದರೆ ಜ್ವರ ಬಂದವನ ಮೈ ಬಿಸಿಯಾದ ಹಾಗೆ, ಖಿನ್ನತೆ ಬಂದವನ ಮನಸ್ಸು ತನ್ನ ಮೇಲೆ ತಾನೇ ಮೊಕದ್ದಮೆ ಹೂಡುತ್ತದೆ. ಸಾಕ್ಷಿ ಬೇಕಾದರೆ ಹದಿನಾಲ್ಕು ವರ್ಷದ ಹಿಂದಿನಿಂದ ಹುಡುಕಿ ತರುತ್ತದೆ. ಪಾಪ, ಪಶ್ಚಾತ್ತಾಪ, ಕ್ಷಮೆ ಎಂಬ ಮಾತುಗಳಲ್ಲೇ ಬೆಳೆದ ಕ್ರೈಸ್ತರಿಗೆ ಈ ಮೊಕದ್ದಮೆಗೆ ಭಾಷೆ ಸಿದ್ಧವಾಗಿಯೇ ಸಿಗುತ್ತದೆ.

ಆದರೆ ಈ ಕಾಯಿಲೆಯನ್ನು ಗುರುತಿಸುವ ದಾರಿಯೂ ಅದೇ ಧರ್ಮದ ಒಳಗಿದೆ. ಕಥೊಲಿಕರ ನಂಬಿಕೆಯ ಪ್ರಕಾರ ಒಮ್ಮೆ ಕ್ಷಮೆಯಾದ ಪಾಪ ಆಗಿಹೋಯಿತು, ಅದನ್ನು ಮತ್ತೆ ಹೇಳಬೇಕಾಗಿಲ್ಲ. ಹಾಗಿದ್ದೂ ಎಂಟನೇ ಶನಿವಾರ ಅದೇ ಪಾಪ ಬಂದರೆ? ಗುರುವಿನದೇ ಶಾಸ್ತ್ರದ ಪ್ರಕಾರ ಅಲ್ಲಿ ಉಳಿದಿರುವುದು ಪಾಪವಲ್ಲ, ಬೇರೆ ಏನೋ.

ಚರ್ಚಿನ ಹಿರಿಯರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಜೆಸ್ವಿತ್ ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿದ್ದಾಗ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ಹೇಳುತ್ತ, ಯಾವುದೋ ಬಿಟ್ಟುಹೋಯಿತೆಂದು ಒದ್ದಾಡುತ್ತ, ಸಾಯಬೇಕೆಂಬ ಯೋಚನೆಯವರೆಗೂ ಹೋಗಿದ್ದರು. ಇಡೀ ವಾರ ಉಪವಾಸ ಕೂತರು. ಸಾಕು, ಊಟ ಮಾಡು ಎಂದು ಆಜ್ಞೆ ಮಾಡಿದ್ದು ಪಾಪನಿವೇದನೆ ಕೇಳುತ್ತಿದ್ದ ಗುರು. ಅತ್ತ ಜರ್ಮನಿಯಲ್ಲಿ ತರುಣ ಸನ್ಯಾಸಿ ಮಾರ್ಟಿನ್ ಲೂಥರನದೂ ಇದೇ ಕತೆ. ಒಂದೊಂದು ಸಲ ಗಂಟೆಗಟ್ಟಲೆ ನಡೆಯುತ್ತಿದ್ದ ಅವನ ನಿವೇದನೆ ಕೇಳಿ ಕೇಳಿ ಹಿರಿಯ ಸ್ಟೌಪಿಟ್ಸ್ ಬಳಲಿಹೋಗಿದ್ದರು. ಒಬ್ಬರು ಕಥೊಲಿಕ ಸುಧಾರಣೆಯ ಕಡೆ, ಇನ್ನೊಬ್ಬರು ಪ್ರಾಟೆಸ್ಟೆಂಟ್ ಕಡೆ. ಇಬ್ಬರ ಚರಿತ್ರೆಯೂ ಕ್ಷಮಿಸಿದರೂ ಹೋಗದ ಪಾಪದಿಂದ ಶುರುವಾಗುತ್ತದೆ. ಲೂಥರ್ ಮುಂದೆ ಮನಸ್ಸು ಕುಗ್ಗಿದವರಿಗೆ ಬರೆದ ಪತ್ರಗಳಲ್ಲಿ ಬೋಧನೆಗಿಂತ ಹೆಚ್ಚಾಗಿ ಒಬ್ಬನೇ ಕೂರಬೇಡ, ಗೆಳೆಯರ ಜತೆ ಸೇರು, ಉಣ್ಣು, ನಗು ಎಂಬ ಧಾಟಿಯ ಸಲಹೆಗಳೇ ಇವೆ. 1530ರಲ್ಲಿ ತನ್ನ ಮಕ್ಕಳ ಮೇಷ್ಟ್ರಿಗೂ ಹಾಗೆಯೇ ಬರೆದ. ಈಗಿನ ಚಿಕಿತ್ಸಕರೂ ಖಿನ್ನತೆಯವರನ್ನು ಮೊದಲು ಚಿಕ್ಕಪುಟ್ಟ ಚಟುವಟಿಕೆಗೆ ಹಚ್ಚುತ್ತಾರೆ.

ಅದಕ್ಕೂ ಹಿಂದಕ್ಕೆ, ಬೈಬಲಿಗೇ ಹೋದರೆ ಪ್ರವಾದಿ ಎಲೀಯ ಸಿಗುತ್ತಾನೆ. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಜಯ ಗಳಿಸಿದ ಮನುಷ್ಯ, ರಾಣಿಯ ಬೆದರಿಕೆಗೆ ಅಂಜಿ ಮರುಭೂಮಿಗೆ ಓಡಿ, ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಪ್ರವಚನ ಕೊಡುವುದಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತು ಎನ್ನುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಹೂಜಿ ನೀರು ಇಡುತ್ತಾನೆ. ಎಲೀಯ ತಿಂದು ಮಲಗುತ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ಪ್ರಶ್ನೆ ಕೇಳುವುದೇನಿದ್ದರೂ ನಲವತ್ತು ದಿನದ ನಡಿಗೆಯ ಆಚೆ, ಹೋರೇಬ್ ಬೆಟ್ಟದಲ್ಲಿ. ಈ ಕ್ರಮವನ್ನು ನೋಡಿ: ಊಟ, ನಿದ್ದೆ, ಊಟ, ಆಮೇಲೆ ಮಾತು.

ಅದೇ ಬೈಬಲಿನಲ್ಲಿ ಬರುವ, ಕಷ್ಟದ ಮೇಲೆ ಕಷ್ಟ ಉಂಡ ಯೋಬನ ಗೆಳೆಯರದು ಇದರ ತಿರುಗುಮುರುಗು. ಮೊದಲ ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಒಬ್ಬರಾದ ಮೇಲೊಬ್ಬರು, ನೀನು ಏನೋ ಪಾಪ ಮಾಡಿರಬೇಕು ಎಂದು ವಾದಿಸಿದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಈ ಗೆಳೆಯರ ಮೇಲೆ.

ಇಪ್ಪತ್ತನೇ ಶತಮಾನದ ಕ್ರೈಸ್ತ ಆಪ್ತಸಮಾಲೋಚನೆ ಎರಡು ಹೋಳಾದದ್ದೂ ಇದೇ ಜಾಗದಲ್ಲಿ: ಪಕ್ಕ ಕೂತು ಕೇಳುವುದೋ, ಪಾಪ ಹುಡುಕುವುದೋ. ಅಮೆರಿಕದ ಆಂಟನ್ ಬಾಯ್ಸನ್ ಎಂಬ ಪಾದ್ರಿಗೆ 1920ರಲ್ಲಿ ಮಾನಸಿಕ ಕಾಯಿಲೆ ಬಂದು ಆಸ್ಪತ್ರೆ ಸೇರಬೇಕಾಯಿತು. ಅಲ್ಲಿ ರೋಗಿಗಳ ಮಾತನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ ಎಂಬುದನ್ನು ಸ್ವತಃ ಅನುಭವಿಸಿದರು. ಗುಣವಾದ ಮೇಲೆ ವೂಸ್ಟರ್ ಎಂಬ ಊರಿನ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಧರ್ಮಗುರುವಾಗಿ, 1925ರಿಂದ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದು ವಾರ್ಡಿನಲ್ಲಿ ತರಬೇತಿ ಕೊಟ್ಟರು. ಗ್ರಂಥ ಓದುವಷ್ಟೇ ಜತನದಿಂದ ರೋಗಿಯನ್ನು ಓದಬೇಕು ಎಂಬುದು ಅವರ ಹಟ. ಪಾದ್ರಿಗಳಿಗೆ ಆಸ್ಪತ್ರೆಯಲ್ಲಿ ತರಬೇತಿ ಕೊಡುವ ಪದ್ಧತಿ ಬೆಳೆದದ್ದು ಅಲ್ಲಿಂದ. ಮನಶ್ಶಾಸ್ತ್ರವನ್ನೂ ದೇವಶಾಸ್ತ್ರವನ್ನೂ ಒಟ್ಟಿಗೆ ಕಲಿಸುವ ಕಾಲೇಜುಗಳು ಬಂದದ್ದು ಆಮೇಲೆ.

ಇದಕ್ಕೆ ಎದುರಾಗಿ ನಿಂತವರು ಜೇ ಆಡಮ್ಸ್. 1970ರಲ್ಲಿ ಬಂದ ಅವರ ಪುಸ್ತಕ ಪ್ರಾಟೆಸ್ಟೆಂಟ್ ಪಾದ್ರಿಗಳ ನಡುವೆ ಭಾರಿ ಸದ್ದು ಮಾಡಿತು. ಮೆದುಳಿಗೋ ದೇಹಕ್ಕೋ ಪೆಟ್ಟಾಗಿದ್ದರೆ ಅದು ವೈದ್ಯರದು. ಉಳಿದ ಮನೋವ್ಯಥೆಗಳ ಬೇರು ಪಾಪದಲ್ಲಿದೆ, ಅದಕ್ಕೆ ಬೈಬಲ್ ಸಾಕು, ಮನಶ್ಶಾಸ್ತ್ರ ಬೇಡ ಎಂಬುದು ಅದರ ಸಾರ. ತಮ್ಮ ಪದ್ಧತಿಗೆ ಅವರು ಆರಿಸಿಕೊಂಡ ಗ್ರೀಕ್ ಮಾತಿನ ಅರ್ಥ ನಮ್ಮ ಕನ್ನಡದಲ್ಲಿ ‘ಬುದ್ಧಿ ಹೇಳುವುದು’. ಬುದ್ಧಿ ಹೇಳುವುದಕ್ಕೆ ನಮ್ಮಲ್ಲಿ ಯಾವ ಕಾಲಕ್ಕೂ ಬರ ಇಲ್ಲ, ಅದಕ್ಕೊಂದು ಶಾಸ್ತ್ರವೂ ಸಿಕ್ಕಿದರೆ ಕೇಳಬೇಕೆ!

ಆಡಮ್ಸರಿಗೆ ಈ ಯೋಚನೆ ಗಟ್ಟಿಯಾದದ್ದು 1965ರ ಬೇಸಿಗೆಯಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಒಬ್ಬ ಮನಶ್ಶಾಸ್ತ್ರಜ್ಞರ ಜತೆ ಕಳೆದ ದಿನಗಳಲ್ಲಿ. ಅವರ ಹೆಸರು ಹೋಬರ್ಟ್ ಮೌರರ್. ಮನೋವ್ಯಥೆ ಎಂದರೆ ಮುಚ್ಚಿಟ್ಟ ನಿಜವಾದ ತಪ್ಪು, ಬಾಯಿಬಿಟ್ಟು ಒಪ್ಪಿಕೊಂಡರೆ ಬಿಡುಗಡೆ ಎಂದು ವಾದಿಸುತ್ತಿದ್ದವರು. ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರೂ ಆಗಿದ್ದ ಅವರನ್ನು ಖಿನ್ನತೆ ಬಾಳಿಡೀ ಬಿಟ್ಟುಬಿಟ್ಟು ಕಾಡಿತು. 1982ರಲ್ಲಿ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಒಬ್ಬರ ಸಾವನ್ನು ವಾದಕ್ಕೆ ಆಧಾರ ಮಾಡಿಕೊಳ್ಳುವುದು ಸಭ್ಯತೆಯಲ್ಲ. ಆದರೂ ಒಪ್ಪಿಕೊಂಡರೆ ಹೋಗುತ್ತದೆ ಎಂದವರಿಗೇ ಹೋಗಲಿಲ್ಲವಲ್ಲ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ.

ಬುದ್ಧಿ ಹೇಳುವ ಈ ಪಂಥ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಕ್ಯಾಲಿಫೋರ್ನಿಯದ ಒಂದು ದೊಡ್ಡ ಚರ್ಚಿನ ಪಾಸ್ಟರುಗಳಿಂದ ಸಲಹೆ ಪಡೆಯುತ್ತಿದ್ದ ಯುವಕನೊಬ್ಬ 1979ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಹೆತ್ತವರು ದಾವೆ ಹೂಡಿದರು. ನ್ಯಾಲಿ ಪ್ರಕರಣವೆಂದೇ ಹೆಸರಾದ ಇದರಲ್ಲಿ 1988ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಚರ್ಚಿನ ಪರ ತೀರ್ಪು ಕೊಟ್ಟಿತು: ಪರವಾನಗಿ ಪಡೆದ ಚಿಕಿತ್ಸಕನಲ್ಲದ ಪಾದ್ರಿಗೆ, ರೋಗಿಯನ್ನು ವೈದ್ಯರ ಬಳಿ ಕಳಿಸಲೇಬೇಕೆಂಬ ಕಾನೂನಿನ ಹೊಣೆ ಇಲ್ಲ. ಯುವಕ ವೈದ್ಯರನ್ನೂ ಕಂಡಿದ್ದ ಎಂಬುದನ್ನು ಹೇಳದಿದ್ದರೆ ಚರ್ಚಿಗೆ ಅನ್ಯಾಯವಾಗುತ್ತದೆ. ತೀರ್ಪಿನ ತರ್ಕ ನನಗೆ ಅರ್ಥವಾಗುತ್ತದೆ. ಮನೆಮನೆಗೆ ಹೋಗಿ ಸಮಾಧಾನ ಹೇಳುವ ಪಾದ್ರಿಗಳೆಲ್ಲ ವಕೀಲರನ್ನು ಇಟ್ಟುಕೊಳ್ಳುವ ಹಾಗೆ ಆಗಬಾರದು. ಆದರೆ ಕಾನೂನಿನ ಹೊಣೆ ಇಲ್ಲ ಎಂದ ಮಾತ್ರಕ್ಕೆ ಹೊಣೆಯೇ ಇಲ್ಲ ಎಂದಾಗುವುದಿಲ್ಲ.

ಬಾಯಮ್ಮನ ಕತೆಗೆ ವಾಪಸು ಬರುತ್ತೇನೆ. ಇದನ್ನೆಲ್ಲ ನನಗೆ ಹೇಳಿದ್ದು ಬಾಯಮ್ಮನೇ. ಗುರುಗಳು ಬಾಯಿ ಬಿಡುವ ಹಾಗಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಕಾರಣಕ್ಕೂ ಯಾರಿಗೂ ಹೇಳಬಾರದೆಂಬುದು ಕಥೊಲಿಕ ಚರ್ಚಿನ ಕಟ್ಟುನಿಟ್ಟಿನ ಕಾನೂನು. ವೈದ್ಯರಿಗೂ ಇಲ್ಲ, ಗಂಡನಿಗೂ ಇಲ್ಲ. ಹೊರಗೆ ಸಿಕ್ಕಾಗ ನಿವೇದಿಸಿದವರ ಬಳಿಯೂ ಅವರ ಒಪ್ಪಿಗೆ ಇಲ್ಲದೆ ಆ ವಿಷಯ ಎತ್ತುವಂತಿಲ್ಲ. ಆಪ್ತಸಮಾಲೋಚನೆಯ ದೃಷ್ಟಿಯಲ್ಲಿ ಇದು ಬಲವೂ ಹೌದು, ತೊಡಕೂ ಹೌದು. ಇಷ್ಟು ಭದ್ರವಾದ ಕಿವಿ ಬೇರೆಲ್ಲೂ ಸಿಗದು. ಆದರೆ ಒಳಗೆ ಸಾಯುವ ಮಾತು ಬಂದರೂ ಹೊರಗೆ ಬಂದು ಯಾರನ್ನೂ ಎಚ್ಚರಿಸಲಾಗದು.

ಊರಿಗೆ ಹೊಸದಾಗಿ ಬಂದಿದ್ದ ಕಿರಿಯ ಗುರುಗಳೊಬ್ಬರು ಇದಕ್ಕೆ ದಾರಿ ಕಂಡುಕೊಂಡರು. ಮೂರನೆಯ ಸಲ ಅದೇ ಪಾಪ ಕೇಳಿದಾಗ, ‘ಬಾಯಮ್ಮ, ನಿದ್ದೆ ಹೇಗುಂಟು?’ ಎಂದರಂತೆ. ಪಾಪ ಹೇಳಲು ಹೋದವರಿಗೆ ನಿದ್ದೆ ವಿಚಾರಿಸಿದರೆ ಹೇಗಾಗಬೇಡ? ಮೂರು ಗಂಟೆಗೆ ಎಚ್ಚರ, ಗಂಟಲಲ್ಲಿ ಗಂಜಿಯೂ ಇಳಿಯುವುದಿಲ್ಲ ಎಂದೆಲ್ಲ ಹೇಳಿಕೊಂಡರು. ಇದು ಪಾಪದ ಬಾಬ್ತಲ್ಲ, ಹೊರಗೆ ಬಂದು ಮಾತಾಡಿ, ನಾನು ಇನ್ನೊಬ್ಬರ ಜತೆ ಮಾತಾಡಲು ಅಪ್ಪಣೆ ಕೊಡಿ ಎಂದು ಕೇಳಿಕೊಂಡರು ಗುರುಗಳು. ಆ ವಾರವೇ ಒಬ್ಬರು ಸಿಸ್ಟರನ್ನು ಜತೆ ಮಾಡಿ ಮನೋವೈದ್ಯರಲ್ಲಿಗೆ ಕಳಿಸಿದರು.

ಕಳಿಸಿ ಕೈತೊಳೆದುಕೊಳ್ಳಲಿಲ್ಲ, ನನಗೆ ಮೆಚ್ಚುಗೆಯಾದದ್ದು ಅದು. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ತಲೆ ತಿರುಗುವುದು ಮಾತ್ರ ಗೊತ್ತಾಗುತ್ತದೆ. ಎಷ್ಟೋ ಮಂದಿ ಬಿಟ್ಟುಬಿಡುವುದು ಆಗಲೇ. ಆ ವಾರಗಳಲ್ಲಿ ಹಿಡಿದು ನಿಲ್ಲಿಸಲು ಒಬ್ಬರು ಬೇಕು, ಒಬ್ಬೊಬ್ಬ ರೋಗಿಗೆ ನಿಮಿಷಗಳ ಲೆಕ್ಕದಲ್ಲಿ ಸಮಯ ಕೊಡಬೇಕಾದ ವೈದ್ಯರಿಂದ ಅದಾಗದು. ಇಲ್ಲಿ ಗುರುಗಳು ಪ್ರತಿ ಶನಿವಾರ ಸಂಜೆ ಇಗರ್ಜಿಯ ಜಗಲಿಯಲ್ಲಿ ಅರ್ಧ ಗಂಟೆ ಕೂರುತ್ತಿದ್ದರು. ಮೊದಲ ವಾರದ ಮನೆಗೆಲಸ: ಐವತ್ತು ಮೊಗ್ಗು ಕೊಯ್ಯುವುದು. ಒಂದು ಚೆಂಡೂ ಅಲ್ಲ, ಬರೀ ಐವತ್ತು. ಅದನ್ನು ಮಾರಬೇಡಿ, ಮಾತೆ ಮರಿಯಳ ಮುಂದೆ ಇಡಿ. ಇನ್ನೊಂದು: ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಪೂರ್ತಿ ಹೇಳಲಾಗದಿದ್ದರೆ ಹತ್ತು ಮಣಿ ಸಾಕು, ಅದೂ ಆಗದಿದ್ದರೆ ಉಳಿದವರು ಹೇಳುತ್ತಾರೆ, ನೀವು ಜತೆಯಲ್ಲಿ ಕೂತಿರಿ. ಪ್ರಾರ್ಥನೆ ಬರುತ್ತಿಲ್ಲ ಎಂಬುದೇ ಇನ್ನೊಂದು ಪಾಪವಾಗಿ ಪಟ್ಟಿಗೆ ಸೇರದ ಹಾಗೆ ಅವರು ನೋಡಿಕೊಂಡರು. ಕೀರ್ತನೆಗಳಲ್ಲಿ 88ನೆಯದನ್ನು ಓದಿ ತೋರಿಸಿದರಂತೆ. ಉಳಿದ ಶೋಕಗೀತೆಗಳು ಹೆಚ್ಚಾಗಿ ಕೊನೆಗೆ ಭರವಸೆಗೆ ತಿರುಗುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ದೇವರ ಪುಸ್ತಕದಲ್ಲಿ ಇಂಥದ್ದೂ ಉಂಟಾ ಎಂದು ಬಾಯಮ್ಮನಿಗೆ ಆಶ್ಚರ್ಯ.

ಇದಕ್ಕೆಲ್ಲ ಪುರಾವೆ ಏನು ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. 1992ರಲ್ಲಿ ರೆಬೆಕಾ ಪ್ರಾಪ್ಸ್ಟ್ ಮತ್ತು ಜತೆಗಾರರು ಖಿನ್ನತೆಯಿದ್ದ ಆಸ್ತಿಕರ ಮೇಲೆ ಒಂದು ಪ್ರಯೋಗ ಮಾಡಿದರು. ತಪ್ಪು ಯೋಚನೆಗಳನ್ನು ಗುರುತಿಸಿ ತಿದ್ದುವ ಚಿಕಿತ್ಸೆಗೆ ಅವರವರ ನಂಬಿಕೆಯ ಮಾತುಗಳನ್ನು ಬೆರೆಸಿದಾಗ ಫಲ ಚೆನ್ನಾಗಿತ್ತು. ಸ್ವಾರಸ್ಯ ಎಂದರೆ, ಆ ಚಿಕಿತ್ಸೆಯನ್ನು ಬಹಳ ಚೆನ್ನಾಗಿ ನಡೆಸಿದವರು ತಾವು ಆಸ್ತಿಕರಲ್ಲದ ಚಿಕಿತ್ಸಕರು! ಅಂದರೆ ಎದುರಿನವನಿಗೆ ನಂಬಿಕೆ ಇರಬೇಕೆಂದೇನಿಲ್ಲ, ರೋಗಿಯ ನಂಬಿಕೆಯನ್ನು ಗೌರವದಿಂದ ಬಳಸಿಕೊಳ್ಳಲು ಬಂದರಾಯಿತು. 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಹೆರಾಲ್ಡ್ ಕೋನಿಗ್ ತಂಡ, ದೀರ್ಘ ಕಾಯಿಲೆಯ ಜತೆಗೆ ಖಿನ್ನತೆಯೂ ಇದ್ದ 132 ಜನರ ಮೇಲೆ ಇಂಥದ್ದೇ ಹೋಲಿಕೆ ಮಾಡಿತು. ಒಟ್ಟಾರೆ ಧಾರ್ಮಿಕ ಚಿಕಿತ್ಸೆಗೂ ಮಾಮೂಲಿ ಚಿಕಿತ್ಸೆಗೂ ವ್ಯತ್ಯಾಸ ಕಾಣಲಿಲ್ಲ. ಬಲವಾದ ಭಕ್ತಿಯವರಿಗೆ ಮಾತ್ರ ಧಾರ್ಮಿಕ ಚಿಕಿತ್ಸೆ ತುಸು ಹೆಚ್ಚು ಒದಗಿತು. ಆ ತಂಡ ಕ್ರೈಸ್ತರಿಗೆ ಮಾತ್ರವಲ್ಲ, ಯೆಹೂದಿ, ಮುಸ್ಲಿಂ, ಬೌದ್ಧ, ಹಿಂದೂಗಳಿಗೂ ಬೇರೆ ಬೇರೆ ಕೈಪಿಡಿ ಮಾಡಿತ್ತು. ಪವಾಡ ಎಂದು ಯಾರೂ ಹೇಳುವ ಹಾಗಿಲ್ಲ, ಮೂಢನಂಬಿಕೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಕೆನ್ನೆತ್ ಪರ್ಗಮೆಂಟ್ ಎಂಬ ಮನಶ್ಶಾಸ್ತ್ರಜ್ಞ ದಶಕಗಳ ಕಾಲ ತೋರಿಸುತ್ತ ಬಂದದ್ದೂ ಇದನ್ನೇ: ದೇವರು ನನ್ನ ಜತೆಗಿದ್ದಾನೆ ಎಂಬ ನಂಬಿಕೆ ಕಷ್ಟದಲ್ಲಿ ಆಸರೆ, ದೇವರು ನನ್ನನ್ನು ದಂಡಿಸುತ್ತಿದ್ದಾನೆ ಎಂಬ ನಂಬಿಕೆ ಕಷ್ಟದ ಮೇಲೆ ಇನ್ನೊಂದು ಕಷ್ಟ.

ಬಾಯಮ್ಮ ಈ ಎರಡನೆಯದನ್ನೂ ಕಂಡರು. ಆರು ತಿಂಗಳಾಗುವಷ್ಟರಲ್ಲಿ ಹೂ ಮತ್ತೆ ಕಟ್ಟೆಗೆ ಹೋಗುತ್ತಿತ್ತು. ಆಗ ಯಾರೋ ನೆಂಟರು ದೂರದ ಊರಿನ ಒಂದು ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಮೈಕಿನಲ್ಲಿದ್ದ ಬೋಧಕರು, ಗುಣವಾಯಿತೆಂದು ನಂಬಿದವರು ಇನ್ನೂ ಮಾತ್ರೆ ನುಂಗಿದರೆ ಅದು ಅವಿಶ್ವಾಸ ಎಂದರು. ಬಾಯಮ್ಮ ಮಾತ್ರೆಯ ಪಟ್ಟಿಯನ್ನು ಬಚ್ಚಲ ಒಲೆಗೆ ಹಾಕಿದರು. ವೈದ್ಯರು ಇನ್ನೂ ಆರು ತಿಂಗಳು ಬಿಡಬಾರದು ಎಂದಿದ್ದ ಮಾತ್ರೆ. ಎರಡು ತಿಂಗಳಿಗೆ ಮತ್ತೆ ಮೂರು ಗಂಟೆಯ ಎಚ್ಚರ, ಮತ್ತೆ ಅತ್ತೆಯ ನೀರು. ಈ ಸಲ ಅದಕ್ಕೆ ಇನ್ನೊಂದು ಸೇರಿತ್ತು: ನನ್ನ ನಂಬಿಕೆ ಸಾಲದಾಯಿತು. ಯೋಬನ ಗೆಳೆಯರು ಮೈಕ್ ಹಿಡಿದರೆ ಆಗುವುದು ಇದೇ.

ಕರ್ನಾಟಕದಲ್ಲಿ 2011ರ ಜನಗಣತಿಯ ಪ್ರಕಾರ ಕ್ರೈಸ್ತರು ಶೇ 1.87. ಸಣ್ಣ ಸಮುದಾಯ, ಆದರೆ ಆಸ್ಪತ್ರೆಗಳ ಲೆಕ್ಕದಲ್ಲಿ ದೊಡ್ಡದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಶುರುಮಾಡಿದ್ದು ಇವತ್ತು ಮನೋವೈದ್ಯ ವಿಭಾಗವೂ ಇರುವ ವೈದ್ಯಕೀಯ ಕಾಲೇಜು. ಬೆಂಗಳೂರಿನ ಸೇಂಟ್ ಜಾನ್ಸ್ 1963ರದು. ಇಗರ್ಜಿಯೂ ಆಸ್ಪತ್ರೆಯೂ ಒಂದೇ ಕಾಂಪೌಂಡಿನಲ್ಲಿರುವ ಸಮುದಾಯಕ್ಕೆ ಇವೆರಡನ್ನು ಜೋಡಿಸುವುದು ಕಷ್ಟವಾಗಬಾರದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ದೇಶದಲ್ಲಿ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಖಿನ್ನತೆ ಎಂದಿತು. ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯೇ ಸಿಗದವರು ಶೇ 85ರಷ್ಟು. ಅವರಲ್ಲಿ ಹೆಚ್ಚಿನವರು ಎಲ್ಲಿಗೂ ಹೋಗದೆ ಕೂತವರಲ್ಲ. ಗುಡಿಗೆ, ದರ್ಗಾಕ್ಕೆ, ಇಗರ್ಜಿಗೆ, ದೈವದ ಪಾತ್ರಿಗಳ ಬಳಿಗೆ ಹೋಗಿಯೇ ಇರುತ್ತಾರೆ ಎಂಬುದು ನನ್ನ ಊಹೆ. ಅಲ್ಲಿ ಕೂತವರು ನಿದ್ದೆ ಹೇಗುಂಟು ಎಂದು ಕೇಳಿದರೆ ಅರ್ಧ ಕೆಲಸ ಆಯಿತು.

ಆತ್ಮಹತ್ಯೆಯ ಕುರಿತು ಚರ್ಚು ತನ್ನನ್ನು ತಿದ್ದಿಕೊಂಡ ರೀತಿಯನ್ನೂ ಇಲ್ಲಿ ನೆನೆಯಬೇಕು. 1917ರ ಕಥೊಲಿಕ ಕಾನೂನು, ಬೇಕೆಂದೇ ಜೀವ ಕಳೆದುಕೊಂಡವರಿಗೆ ಚರ್ಚಿನ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. 1992ರ ಧರ್ಮೋಪದೇಶ ಗ್ರಂಥ, ತೀವ್ರ ಮಾನಸಿಕ ತೊಂದರೆ ಇದ್ದವರ ಹೊಣೆ ಕಡಿಮೆಯಾಗುತ್ತದೆ ಎಂದು ಒಪ್ಪಿತು. ನಮ್ಮ ದೇಶದ ಕಾನೂನು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎಂದು ಹೇಳಿದ್ದು 2017ರಲ್ಲಿ. ಈ ಒಂದು ವಿಷಯದಲ್ಲಿ ರೋಮ್ ದಿಲ್ಲಿಗಿಂತ ಮುಂದಿತ್ತು.

ಮನೆಯಲ್ಲಿ ಯಾರಿಗಾದರೂ ಬೇಕಾದರೆ ಎಂದು ಕೆಲವು ಮಾತು. ಆಪ್ತಸಮಾಲೋಚಕ ಎಂಬ ಫಲಕ ನೋಡಿ ನಂಬಬೇಡಿ. ಎಲ್ಲಿ, ಎಷ್ಟು ಕಾಲ ಕಲಿತಿರಿ ಎಂದು ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಪಾಸ್ಟರೋ ಸಿಸ್ಟರೋ ಆದರೆ, ಯಾವಾಗ ವೈದ್ಯರ ಬಳಿ ಕಳಿಸುತ್ತೀರಿ ಎಂದು ಕೇಳಿ ನೋಡಿ. ಉತ್ತರಕ್ಕೆ ತಡವರಿಸಿದರೆ ಎದ್ದು ಬನ್ನಿ. ಸಾಯುವ ಮಾತು ಬಂದಿದ್ದರೆ ಶನಿವಾರಕ್ಕೆ ಕಾಯುವುದು ಬೇಡ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಿಂದ ನಡೆಯುತ್ತಿರುವ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಬಾಯಮ್ಮ ಮತ್ತೆ ಮಾತ್ರೆ ಶುರುಮಾಡಿದರು. ಈಗ ಅದರ ಜಾಗ ಮನೆಯ ಅಲ್ತಾರಿನಲ್ಲಿ, ಯೇಸುವಿನ ಪಟದ ಕೆಳಗೆ, ಜಪಸರದ ಡಬ್ಬಿಯ ಪಕ್ಕ. ತೇರ್ಸ್ ಮುಗಿದ ಕೂಡಲೇ ನುಂಗುವುದರಿಂದ ಒಂದು ದಿನವೂ ತಪ್ಪುವುದಿಲ್ಲವಂತೆ. ಮೊನ್ನೆ ಹೋದಾಗ ಮೊಗ್ಗು ಕಟ್ಟುತ್ತ ಕೂತಿದ್ದರು. ಆ ಕಿರಿಯ ಗುರುಗಳಿಗೆ ವರ್ಗವಾಗಿದೆ, ಕೆಲವು ವರ್ಷಕ್ಕೊಮ್ಮೆ ಆಗುವ ವರ್ಗವೇ. ಹೊಸಬರು ಹೇಗೆ ಎಂದು ವಿಚಾರಿಸಿದೆ. ‘ಗೊತ್ತಿಲ್ಲ ಮಗಾ. ಮೊದಲ ಶನಿವಾರ ಹೋಗಿ ಪಾಪ ಹೇಳುವ ಮುಂಚೆಯೇ ಹೇಳಿಬಿಟ್ಟೆ, ಫಾದರ್, ನಾನು ತಲೆಗೆ ಮಾತ್ರೆ ತಗೊಳ್ತೇನೆ, ನಿಲ್ಲಿಸು ಅಂತ ಮಾತ್ರ ಹೇಳಬೇಡಿ’ ಎಂದರು.

‘ಅವರೇನಂದರು?’

‘ಯಾವ ಮಾತ್ರೆ ಅಂತ ಕೇಳಿದರು. ಅವರ ತಾಯಿಗೂ ಅದೇ ಅಂತೆ.’